ಸಬ್‌ಲೋ ಟಿಕೆಟ್‌ನಲ್ಲಿ ಊರಿಗೆ ಹೊರಟವರಿಗೆ

ಕ್ಯಾಬಿನ್ ಕ್ರೂ ಕೆಲಸಕ್ಕೆ ಸೇರಿದ ದಿನದಿಂದ ನೆಂಟರೆಲ್ಲ ಕೇಳುವುದು ಒಂದೇ ಮಾತು: "ನಿಮಗೆ ವಿಮಾನ ಫ್ರೀ ಅಲ್ವಾ?" ಪೂರ್ತಿ ಫ್ರೀ ಅಲ್ಲ. ಟ್ಯಾಕ್ಸ್ ನಾವೇ ಕಟ್ಟಬೇಕು. ಬೇರೆ ಕಂಪನಿಯ ವಿಮಾನವಾದರೆ ದೂರ ನೋಡಿ ರಿಯಾಯಿತಿ ದರವೂ ಇರುತ್ತದೆ. ಎಲ್ಲಕ್ಕಿಂತ ದೊಡ್ಡ ಷರತ್ತು, ಸೀಟು ಉಳಿದರೆ ಮಾತ್ರ ಪ್ರಯಾಣ. ಇಂಥ ಟಿಕೆಟ್ಟನ್ನೇ ನಾವು ಸಬ್‌ಲೋ (ಸಬ್ಜೆಕ್ಟ್ ಟು ಲೋಡ್) ಅನ್ನುವುದು. ಹೊಸದಾಗಿ ಸೇರಿದವರು ಅದು ಕೈಗೆ ಬಂದ ಕೂಡಲೇ ಊರಿಗೆ ಹೋದಷ್ಟೇ ಖುಷಿಪಡುತ್ತಾರೆ. ನಾನು ಹೇಳುವುದಿಷ್ಟೇ: ಸೀಟು ಸಿಗುವುದಿಲ್ಲ ಎಂದುಕೊಂಡೇ ಎಲ್ಲ ತಯಾರಿ ಮಾಡಿ.

ನನ್ನ ಬೇಸ್ ಬೆಂಗಳೂರು, ಮನೆ ಕುಂದಾಪುರ. ಮಂಗಳೂರಿನ ಏರ್‌ಪೋರ್ಟ್ ಇರುವ ಬಜ್ಪೆಗೆ ವಿಮಾನದಲ್ಲಿ ಸುಮಾರು ಒಂದು ಗಂಟೆ. ಅಲ್ಲಿಂದ ಬಸ್ಸು. ಆದ್ದರಿಂದ ಈ ದಾರಿಯ ಲೆಕ್ಕವನ್ನೇ ಹೇಳುತ್ತೇನೆ.

ಮೊದಲು ರೋಸ್ಟರ್, ಅಂದರೆ ಡ್ಯೂಟಿ ಪಟ್ಟಿ ನೋಡಿ, ಆಮೇಲೆ ಲೋಡ್, ಅಂದರೆ ವಿಮಾನ ಎಷ್ಟು ತುಂಬಿದೆ ಎಂದು ನೋಡಿ. ಶುಕ್ರವಾರ ಸಂಜೆ ಊರಿಗೆ, ಭಾನುವಾರ ರಾತ್ರಿ ವಾಪಸ್ ಎಂಬ ಆಸೆ ಬಿಟ್ಟುಬಿಡಿ. ದುಡ್ಡು ಕೊಟ್ಟವರಿಗೂ ಅದೇ ಹೊತ್ತು ಬೇಕು. ಮಂಗಳವಾರ, ಬುಧವಾರ ರಜೆ ಬಿದ್ದರೆ ಅದೇ ನಮ್ಮ ಹಬ್ಬ. ದಿನದ ಮೊದಲ ವಿಮಾನಕ್ಕೆ ಹೆಸರು ಹಾಕಿಸಿದರೆ, ಅದು ತಪ್ಪಿದರೂ ಮುಂದಿನವು ಇರುತ್ತವೆ. ಡಿಸೆಂಬರ್, ಜನವರಿಯಲ್ಲಿ ಮಾತ್ರ ಬೆಂಗಳೂರಿನ ಬೆಳಗಿನ ಮಂಜು ನೆನಪಿರಲಿ. ಒಂದು ವಿಮಾನ ರದ್ದಾದರೆ ಅದರ ಪ್ರಯಾಣಿಕರೆಲ್ಲ ನಮಗಿಂತ ಮುಂದೆ ನಿಲ್ಲುತ್ತಾರೆ.

ಮಳೆಗಾಲದ ಕಥೆ ಬೇರೆ. ಶಿರಾಡಿ ಘಾಟಿಯಲ್ಲಿ ಗುಡ್ಡ ಜರಿದು ರಸ್ತೆ ಬಂದ್ ಆದರೆ ಬಸ್ಸಿನ ಜನ ವಿಮಾನಕ್ಕೆ ಬರುತ್ತಾರೆ. 2024ರ ಜುಲೈನಲ್ಲಿ ಎಡಕುಮೇರಿ ಹತ್ತಿರ ಹಳಿಯ ಕೆಳಗಿನ ಮಣ್ಣು ಕುಸಿದು ರೈಲೂ ನಿಂತಿತ್ತು. ಅಂಥ ವಾರದಲ್ಲಿ ಸಬ್‌ಲೋ ನಂಬಿ ಹೊರಡಬೇಡಿ. ಇನ್ನೊಂದು ವಿಷಯ. ಸಣ್ಣ ಎಟಿಆರ್ ವಿಮಾನದಲ್ಲಿ ಸೀಟು ಖಾಲಿ ಕಂಡರೂ ತೂಕದ ಲೆಕ್ಕದಲ್ಲಿ ನಮ್ಮನ್ನು ಬಿಟ್ಟು ಹೋಗಬಹುದು. ರನ್‌ವೇ ಒದ್ದೆಯಾದರೆ ಎಷ್ಟು ಭಾರ ಎತ್ತಬಹುದು ಎಂಬ ಲೆಕ್ಕವೇ ಬದಲಾಗುತ್ತದೆ. ಕೌಂಟರಿನವರ ಮೇಲೆ ಸಿಟ್ಟಾಗಬೇಡಿ, ಅವರ ಕೈಯಲ್ಲಿ ಏನೂ ಇಲ್ಲ.

ನಮ್ಮ ಸರದಿ ಬರುವುದು ಕೊನೆಗೆ. ದೇಶದೊಳಗಿನ ವಿಮಾನಕ್ಕೆ ಕೌಂಟರ್ ಸಾಮಾನ್ಯವಾಗಿ 60 ನಿಮಿಷ ಮೊದಲು ಮುಚ್ಚುತ್ತದೆ. ನಮ್ಮ ಹೆಸರು ಕೂಗುವುದು ಆಮೇಲೆ. ಡ್ಯೂಟಿ ಮೇಲೆ ಹೋಗುವ ಕ್ರೂ ಮೊದಲು, ನಂತರ ಕಂಪನಿಯ ಸ್ಟಾಫ್, ಕೊನೆಗೆ ಬೇರೆ ಕಂಪನಿಯವರು. ಸೀನಿಯಾರಿಟಿ ನೋಡುತ್ತಾರೋ, ಯಾರು ಮೊದಲು ಬಂದರು ಎಂದು ನೋಡುತ್ತಾರೋ, ನಿಮ್ಮ ಕಂಪನಿಯ ನಿಯಮ ಓದಿಕೊಳ್ಳಿ. ಬೋರ್ಡಿಂಗ್ ಪಾಸ್ ಸಿಕ್ಕ ಮೇಲೆ ಸೆಕ್ಯುರಿಟಿ ಸಾಲು ದಾಟಿ ಗೇಟಿಗೆ ಓಡಬೇಕು. ಆದ್ದರಿಂದ ಒಂದೇ ಕೈಚೀಲ ಸಾಕು. ಕಿಟಕಿ ಸೀಟು ಕೇಳಬೇಡಿ, ಕೊಟ್ಟಲ್ಲಿ ಕೂರಿ. ಪಕ್ಕದವರಿಗೆ ನಿಮ್ಮ ಟಿಕೆಟ್ ದರ ಹೇಳಬೇಡಿ. ಅವರು ಪೂರ್ತಿ ದುಡ್ಡು ಕೊಟ್ಟಿದ್ದಾರೆ.

ಅಪ್ಪ ಅಮ್ಮನನ್ನು ಕರೆತರುವಾಗ ಇನ್ನೂ ಜಾಸ್ತಿ ಎಚ್ಚರ ಬೇಕು. ಸೀಟು ಸಿಗದೇ ಹೋಗಬಹುದು ಎಂದು ಮನೆಯಲ್ಲೇ ಬಿಡಿಸಿ ಹೇಳಿ. ಏರ್‌ಪೋರ್ಟಿನಲ್ಲಿ ಹೇಳಿದರೆ ಅವರಿಗೆ ಅವಮಾನವಾದಂತೆ ಅನಿಸುತ್ತದೆ, ಅದನ್ನು ನೋಡುವುದು ಕಷ್ಟ. ಇಬ್ಬರಲ್ಲಿ ಒಬ್ಬರಿಗೆ ಮಾತ್ರ ಸೀಟು ಸಿಕ್ಕರೆ ಏನು ಮಾಡುವುದೆಂದು ಮೊದಲೇ ತೀರ್ಮಾನಿಸಿ. ನಮ್ಮ ಮನೆಯಲ್ಲಿ ಇಬ್ಬರೂ ಹೋಗದೆ ಉಳಿಯುವುದು ಎಂದೇ ಇದೆ. ಬಿಪಿ, ಸಕ್ಕರೆ ಕಾಯಿಲೆ ಮಾತ್ರೆ ಕೈಚೀಲದಲ್ಲೇ ಇರಲಿ. ಅಮ್ಮ ಪ್ರೀತಿಯಿಂದ ಕಟ್ಟಿಕೊಡುವ ಕೊಬ್ಬರಿ ಮನೆಯಲ್ಲೇ ಉಳಿಯಲಿ. ಎಣ್ಣೆಯಂಶದಿಂದ ಬೆಂಕಿ ಹತ್ತುವ ಸಾಮಾನು ಅದು, ಬಿಡುವುದಿಲ್ಲ. ಮದುವೆ, ಉಪನಯನ, ಆಸ್ಪತ್ರೆ ಇಂಥ ಕೆಲಸಕ್ಕೆ ಸಬ್‌ಲೋ ಬೇಡವೇ ಬೇಡ. ದುಡ್ಡು ಕೊಟ್ಟು ಕನ್ಫರ್ಮ್ ಟಿಕೆಟ್ ತೆಗೆಯಿರಿ. ಗೆಳೆಯರಿಗೆ ನಿಮ್ಮ ಸ್ಟಾಫ್ ಟಿಕೆಟ್ ಮಾರಿದರೆ ಕೆಲಸವೇ ಹೋಗಬಹುದು.

ವಾಪಸ್ ಬರುವುದೇ ನಿಜವಾದ ತಲೆನೋವು. ಹೋಗುವುದು ತಪ್ಪಿದರೆ ಬೇಜಾರು ಅಷ್ಟೇ, ಬರುವುದು ತಪ್ಪಿದರೆ ಡ್ಯೂಟಿ ತಪ್ಪುತ್ತದೆ. ನಾನು ಡ್ಯೂಟಿಯ ಹಿಂದಿನ ದಿನವೇ ಬೆಂಗಳೂರು ಸೇರುತ್ತೇನೆ, ರಾತ್ರಿ ನಿದ್ದೆ ಮುಗಿಸಿಯೇ ರಿಪೋರ್ಟ್ ಮಾಡುತ್ತೇನೆ. ದಣಿದ ಕಣ್ಣಲ್ಲಿ ತುರ್ತು ಬಾಗಿಲ ಪಕ್ಕ ಕೂರುವುದು ಪ್ರಯಾಣಿಕರಿಗೆ ಮಾಡುವ ಅನ್ಯಾಯ. ಊರಿಗೆ ಹೊರಡುವ ಮುಂಚೆಯೇ ಕುಂದಾಪುರದಿಂದ ಪಂಚಗಂಗಾ ಎಕ್ಸ್‌ಪ್ರೆಸ್‌ಗೆ ಒಂದು ಬರ್ತ್ ಬುಕ್ ಮಾಡಿಡುತ್ತೇನೆ. ವಿಮಾನ ಸಿಕ್ಕರೆ ರೈಲಿನ ಬರ್ತ್ ರದ್ದು ಮಾಡುತ್ತೇನೆ. ಬೇಗ ರದ್ದು ಮಾಡಿದಷ್ಟೂ ಕಡಿಮೆ ದುಡ್ಡು ಹೋಗುತ್ತದೆ. ಬಜ್ಪೆಗೆ ಹೋಗಿ ಕಾಯುವವರು ಒಂದು ಲೆಕ್ಕ ಇಟ್ಟುಕೊಳ್ಳಿ: ಸೀಟು ಸಿಗದಿದ್ದರೆ ಅಲ್ಲಿಂದ ಹೊರಟು ರಾತ್ರಿ ರೈಲು ಅಥವಾ ಬಸ್ಸು ಹಿಡಿಯುವಷ್ಟು ಹೊತ್ತು ಕೈಯಲ್ಲಿರಬೇಕು. ಅಷ್ಟು ಹೊತ್ತು ಉಳಿಯುವ ಮಧ್ಯಾಹ್ನದ ವಿಮಾನಕ್ಕೇ ಹೆಸರು ಹಾಕಿಸಿ, ಕೊನೆಯ ವಿಮಾನಕ್ಕಲ್ಲ.