ನೆರೆಮನೆಯ ಹುಂಜಗಳು ಕಾದಾಡದಂತೆ ನೋಡಿಕೊಳ್ಳುವುದು ಹೇಗೆ?

ಮಲೆನಾಡಿನಲ್ಲಿ ನಾಟಿ ಕೋಳಿಗಳನ್ನು ಕೂಡಿಹಾಕಿ ಸಾಕುವವರು ಕಡಿಮೆ. ಬೆಳಿಗ್ಗೆ ಗೂಡಿನ ಬಾಗಿಲು ತೆಗೆದರೆ ಅವು ಗೊಬ್ಬರಗುಂಡಿ, ಹಿತ್ತಲು, ಅಡಿಕೆ ತೋಟ ಎಲ್ಲವನ್ನೂ ಕೆದಕಿ, ಕತ್ತಲಾಗುವ ಹೊತ್ತಿಗೆ ತಾವಾಗಿಯೇ ಮರಳುತ್ತವೆ. ತೀರ್ಥಹಳ್ಳಿ, ಹೊಸನಗರದ ಕಡೆಯ ಒಂಟಿ ಮನೆಗಳಲ್ಲಿ ಇದರಿಂದ ಯಾರಿಗೂ ತೊಂದರೆಯಿಲ್ಲ. ಆದರೆ ಒಂದೇ ಬೇಲಿಯ ಆಚೀಚೆ ಮನೆಗಳಿರುವ ಕೇರಿಗಳಲ್ಲಿ ಎರಡು ಹಿಂಡಿನ ಹುಂಜಗಳು ದಿನವೂ ಎದುರಾಗುತ್ತವೆ. ಜುಟ್ಟು ಹರಿಯುತ್ತದೆ, ಕಣ್ಣು ಹೋಗುತ್ತದೆ, ಕೊನೆಗೆ ಮನೆಯವರ ನಡುವೆಯೂ ಮಾತು ನಿಲ್ಲುತ್ತದೆ.

ಒಂದೇ ಹಿಂಡಿನೊಳಗಾದರೆ ಮೇಲು ಯಾವುದು, ಕೆಳಗು ಯಾವುದು ಎಂಬುದು ಒಮ್ಮೆ ತೀರ್ಮಾನವಾದ ಮೇಲೆ ಸೋತ ಹುಂಜ ದಾರಿ ಬಿಟ್ಟು ಸರಿಯುತ್ತದೆ. ನೆರೆಮನೆಯ ಹುಂಜದೊಂದಿಗೆ ಆ ತೀರ್ಮಾನ ನಿಲ್ಲುವುದಿಲ್ಲ. ಸೋತದ್ದು ತನ್ನ ಹೇಂಟೆಗಳ ಬಳಿಗೆ ಹಿಂದಿರುಗಿ, ಮರುದಿನ ಅದೇ ಗಡಿಯಲ್ಲಿ ಕತ್ತಿನ ಗರಿ ಕೆದರಿಕೊಂಡು ಮತ್ತೆ ನಿಲ್ಲುತ್ತದೆ. ಆದ್ದರಿಂದ ಎರಡು ದಿನ ಹೊಡೆದಾಡಿ ಸುಮ್ಮನಾಗುತ್ತವೆ ಎಂದು ಬಿಟ್ಟುಬಿಡಬಾರದು.

ಮೊದಲ ಕೆಲಸ, ಕಾಳು ಹಾಕುವ ಜಾಗವನ್ನು ಬದಲಿಸುವುದು. ನುಚ್ಚು, ಭತ್ತ ಎರಚುವ ಜಾಗ ಬೇಲಿಯ ಹತ್ತಿರವಿದ್ದರೆ ಆಚೆಮನೆಯ ಹೇಂಟೆಗಳು ಮೊದಲು ಬರುತ್ತವೆ, ಅವುಗಳ ಬೆನ್ನಿಗೇ ಹುಂಜವೂ ಬರುತ್ತದೆ. ಕಾಳು, ನೀರಿನ ಬಾನಿ, ಗೂಡು ಈ ಮೂರನ್ನೂ ಮನೆಯ ಇನ್ನೊಂದು ಮಗ್ಗುಲಿಗೆ ಸಾಗಿಸಿ. ಗೊಬ್ಬರಗುಂಡಿಯೇ ಗಡಿಯಲ್ಲಿದ್ದರೆ ಅದನ್ನು ಸಾಗಿಸುವುದು ಕಷ್ಟ. ಅದರ ಸುತ್ತ ಬಲೆ ಕಟ್ಟಿದರೂ ಸಾಕು.

ಎರಡನೆಯದು ಸರದಿ. ನನ್ನ ಮಟ್ಟಿಗೆ ಇದಕ್ಕಿಂತ ಒಳ್ಳೆಯ, ಖರ್ಚಿಲ್ಲದ ಉಪಾಯ ಬೇರೆಯಿಲ್ಲ. ಎರಡೂ ಮನೆಯವರು ಮಾತಾಡಿಕೊಂಡು, ಮೂರು ದಿನ ಇವರ ಹುಂಜ ಹೊರಗೆ, ಮೂರು ದಿನ ಅವರದು ಎಂದು ಗೊತ್ತುಮಾಡಿಕೊಳ್ಳಬೇಕು. ಹೇಂಟೆಗಳು ಎಂದಿನಂತೆ ಹೊರಗೇ ಇರಲಿ. ಹುಂಜವನ್ನು ಕೂಡಿಹಾಕಿದರೆ ಮೊಟ್ಟೆ ಮರಿಯಾಗುವುದಿಲ್ಲ ಎಂಬ ಅಂಜಿಕೆ ಬೇಡ. ಒಮ್ಮೆ ಹುಂಜದೊಂದಿಗೆ ಕೂಡಿದ ಹೇಂಟೆಯ ದೇಹದಲ್ಲಿ ವೀರ್ಯ ಒಂದು ವಾರಕ್ಕೂ ಹೆಚ್ಚು ಕಾಲ ಉಳಿಯುವುದರಿಂದ ನಡುವಿನ ದಿನಗಳ ಮೊಟ್ಟೆಗಳೂ ಮರಿಯಾಗುತ್ತವೆ. ಆಚೆಮನೆಯ ಹುಂಜದ ಮರಿಗಳೂ ನಿಮ್ಮ ಗೂಡಿನಲ್ಲಿ ಕಾಣಿಸಬಹುದು. ಒಂದೇ ತಳಿಯನ್ನು ಜತನ ಮಾಡುವವರು ಮಾತ್ರ ಅದಕ್ಕೆ ಒಪ್ಪಲಾರರು. ಅಂಥವರು ದಿನದ ಸರದಿಯ ಬದಲು ಹೊತ್ತಿನ ಸರದಿ ಹಿಡಿದು, ಒಂದು ಹಿಂಡನ್ನು ಮಧ್ಯಾಹ್ನದವರೆಗೆ, ಇನ್ನೊಂದನ್ನು ಆಮೇಲೆ ಬಿಡುವುದು ಮೇಲು. ಮಧ್ಯಾಹ್ನ ಒಂದು ಹಿಡಿ ನುಚ್ಚು ತೋರಿಸಿ ಕರೆಯುವ ರೂಢಿಯಾದರೆ ಕೋಳಿಗಳು ತಾವೇ ಗೂಡಿಗೆ ಬರುತ್ತವೆ.

ಬೇಲಿ ಹಾಕುವವರು ಒಂದು ಮಾತನ್ನು ಗಮನಿಸಬೇಕು. ಬರಿಯ ತಂತಿ ಬಲೆಯಿಂದ ಜಗಳ ನಿಲ್ಲುವುದಿಲ್ಲ. ಎದುರಾಳಿ ಕಾಣುತ್ತಿರುವವರೆಗೆ ಹುಂಜಗಳು ಬಲೆಯ ಉದ್ದಕ್ಕೂ ಓಡಾಡಿ, ಕೊಕ್ಕು ತೂರಿಸಿ ಗಾಯ ಮಾಡಿಕೊಳ್ಳುತ್ತವೆ. ಕೆಳಗಿನ ಮೂರು ಅಡಿಯಷ್ಟನ್ನು ಅಡಿಕೆ ಸೋಗೆಯಿಂದಲೋ ಶೇಡ್‌ನೆಟ್‌ನಿಂದಲೋ ಮರೆಮಾಡಿದರೆ ಅರ್ಧ ಕಾಟ ತಪ್ಪುತ್ತದೆ. ಬೇಲಿಗೆ ಒರಗಿಸಿಟ್ಟ ಸೌದೆಯ ರಾಶಿಯನ್ನೂ ತೆಗೆಯಿರಿ. ನಾಟಿ ಕೋಳಿಗೆ ಅದೇ ಮೆಟ್ಟಿಲಾಗುತ್ತದೆ. ರೆಕ್ಕೆಯ ಗರಿ ಕತ್ತರಿಸುವ ಸಲಹೆಯನ್ನು ನಾನು ನಮ್ಮ ಕಡೆಗೆ ಒಪ್ಪುವುದಿಲ್ಲ. ಮುಂಗುಸಿ, ಕಾಡುಬೆಕ್ಕು ಇರುವ ಊರಿನಲ್ಲಿ ಹಾರಲಾರದ ಕೋಳಿ ಉಳಿಯುವುದು ಕಷ್ಟ.

ಹುಂಜಗಳ ಸಂಖ್ಯೆಯೂ ಮುಖ್ಯ. ಎಂಟು ಹತ್ತು ಹೇಂಟೆಗಳಿಗೆ ಒಂದು ಹುಂಜ ಸಾಕು. ಹೆಚ್ಚಿನವನ್ನು ಜುಟ್ಟು ಕೆಂಪೇರುವ ಮೊದಲೇ ಮಾರಿಬಿಡಿ. ಹರಕೆಗೆಂದು ಚೌಡಿಗೆ ಬಿಟ್ಟ ಹುಂಜವನ್ನು ಮಾರುವಂತಿಲ್ಲವಾದ್ದರಿಂದ ಅದಕ್ಕೆ ಹಿತ್ತಲಿನಲ್ಲಿ ಬೇರೆಯೇ ಒಂದು ದೊಡ್ಡ ಗೂಡು ಬೇಕು. ಎರಡೂ ಮನೆಗಳಲ್ಲಿ ನಾಲ್ಕೈದೇ ಹೇಂಟೆಗಳಿದ್ದರೆ ಒಂದೇ ಹುಂಜವನ್ನು ಹಂಚಿಕೊಳ್ಳಬಹುದು.

ಕಾದಾಟ ಶುರುವಾಗಿಬಿಟ್ಟರೆ ನಡುವೆ ಬರಿಗೈ ಹಾಕಬೇಡಿ. ಕಾಲಿನ ಮುಳ್ಳು ಆಳವಾಗಿ ಇಳಿಯುತ್ತದೆ. ಒಂದರ ಮೇಲೆ ಗೋಣಿಚೀಲ ಎಸೆದು ಅಥವಾ ಬಿದಿರಿನ ಬುಟ್ಟಿ ಕವುಚಿದರೆ ಕತ್ತಲೆಗೆ ಅದು ತಣ್ಣಗಾಗುತ್ತದೆ. ಮುಳ್ಳು ತೀರ ಚೂಪಾಗಿದ್ದರೆ ತುದಿಯನ್ನಷ್ಟೇ ಅರದಿಂದ ಉಜ್ಜಿ ಮೊಂಡು ಮಾಡಬಹುದು. ಬುಡದ ಕಡೆ ರಕ್ತ ಹರಿಯುವ ಎಲುಬಿರುವುದರಿಂದ ಕತ್ತರಿಸಬಾರದು.

ಗಾಯವನ್ನು ಕುದಿಸಿ ಆರಿಸಿದ ಉಪ್ಪುನೀರಿನಿಂದ ತೊಳೆದು, ಅಯೋಡಿನ್ ಮುಲಾಮು ಹಚ್ಚಿ, ಹಕ್ಕಳೆ ಕಟ್ಟುವವರೆಗೆ ಹುಂಜವನ್ನು ಬೇರೆ ಇಡಿ; ರಕ್ತ ಕಂಡರೆ ಅದರದೇ ಹಿಂಡಿನ ಹೇಂಟೆಗಳೂ ಕುಕ್ಕುತ್ತವೆ. ಕಣ್ಣಿಗೆ ಪೆಟ್ಟು ಬಿದ್ದಿದ್ದರೆ ಪಶುವೈದ್ಯರಲ್ಲಿಗೆ ಒಯ್ಯಿರಿ. ಮಳೆಗಾಲದಲ್ಲಿ ಗಾಯಕ್ಕೆ ನೊಣ ಕೂತು ಹುಳವಾಗುತ್ತದೆ, ದಿನಕ್ಕೆರಡು ಸಲ ನೋಡಬೇಕು. ಕೋಳಿ ಸಿಡುಬಿನ ವೈರಾಣು ಚರ್ಮದ ಗಾಯಗಳ ಮೂಲಕವೂ ಸೊಳ್ಳೆ ಕಡಿತದಿಂದಲೂ ಒಳಸೇರುವುದರಿಂದ, ಹುಂಜಗಳು ಕಾದಾಡುವ ಎರಡು ಮನೆಗಳಲ್ಲಿ ಒಂದು ಮಾತ್ರ ಲಸಿಕೆ ಹಾಕಿಸಿದರೆ ಸಾಲದು; ಇಬ್ಬರೂ ಕೂಡಿ ಒಂದೇ ದಿನ ಹಾಕಿಸುವುದು ಒಳ್ಳೆಯದು.