ಇಂಗ್ಲೆಂಡಿನಲ್ಲಿ ಚೈಲ್ಡ್‌ಮೈಂಡರ್ ಆಗುವುದು ಹೇಗೆ? ಅರ್ಜಿಯಿಂದ ಮೊದಲ ತಪಾಸಣೆವರೆಗೆ

ಪಕ್ಕದ ಬೀದಿಯ ಕನ್ನಡದವರ ಮಗುವನ್ನು ಬೆಳಗ್ಗೆ ಎಂಟರಿಂದ ಸಂಜೆ ಐದರವರೆಗೆ ನೋಡಿಕೊಳ್ಳುವುದು, ತಿಂಗಳ ಕೊನೆಗೆ ಅವರು ಕೊಟ್ಟಷ್ಟು ಇಸಿದುಕೊಳ್ಳುವುದು. ಗಂಡ ಹೆಂಡತಿ ಇಬ್ಬರೂ ದುಡಿಯುವ ಕಡೆ ಇಂಥ ಏರ್ಪಾಡು ತಾನಾಗಿಯೇ ಹುಟ್ಟಿಕೊಳ್ಳುತ್ತದೆ. ಆದರೆ ಇಂಗ್ಲೆಂಡಿನಲ್ಲಿ ನೋಂದಣಿ ಇಲ್ಲದೆ ಇದನ್ನು ಮಾಡುವುದು ಅಪರಾಧ. ಎಂಟು ವರ್ಷದೊಳಗಿನ ಮಗುವನ್ನು ನಿಮ್ಮ ಮನೆಯಲ್ಲಿ ದಿನಕ್ಕೆ ಎರಡು ಗಂಟೆಗಿಂತ ಜಾಸ್ತಿ ನೋಡಿಕೊಂಡು ದುಡ್ಡು ಪಡೆದರೆ ನೀವು ಚೈಲ್ಡ್‌ಮೈಂಡರ್. ಶಾಲೆ, ಶಿಶುಪಾಲನೆಗಳ ತಪಾಸಣೆ ಮಾಡುವ ಸರ್ಕಾರಿ ಸಂಸ್ಥೆ ಆಫ್‌ಸ್ಟೆಡ್‌ನಲ್ಲೋ ಅಥವಾ ಅದರ ಮಾನ್ಯತೆ ಇರುವ ಚೈಲ್ಡ್‌ಮೈಂಡರ್ ಏಜೆನ್ಸಿಯಲ್ಲೋ ಹೆಸರು ಬರೆಸಲೇಬೇಕು. ಸ್ವಂತ ಮೊಮ್ಮಗುವನ್ನು ನೋಡಿಕೊಳ್ಳುವ ಅಜ್ಜಿಗೆ ಇದು ಬೇಡ. ಮಗುವಿನ ಮನೆಗೇ ಹೋಗಿ ನೋಡಿಕೊಳ್ಳುವವರಿಗೂ ಬೇರೆ ನಿಯಮ.

ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡಿನಲ್ಲಿ ಇಲಾಖೆಯೂ ಬೇರೆ, ನಿಯಮವೂ ಬೇರೆ. ಇಲ್ಲಿ ಹೇಳುವುದೆಲ್ಲ ಇಂಗ್ಲೆಂಡಿಗೆ ಮಾತ್ರ.

ಮೊದಲು ವೀಸಾ ನೋಡಿ

ಚೈಲ್ಡ್‌ಮೈಂಡರ್ ಅಂದರೆ ಸ್ವಂತ ಉದ್ಯೋಗ. ಸ್ಕಿಲ್ಡ್ ವರ್ಕರ್ ವೀಸಾದವರ ಗಂಡ ಅಥವಾ ಹೆಂಡತಿ, ಅಂದರೆ ಡಿಪೆಂಡೆಂಟ್ ಆಗಿ ಬಂದವರು, ಸ್ವಂತ ಉದ್ಯೋಗ ಮಾಡಬಹುದು. ಸ್ಟೂಡೆಂಟ್ ವೀಸಾದಲ್ಲಿ ಓದುತ್ತಿರುವವರು ಮಾಡುವಂತಿಲ್ಲ. ಆರು ತಿಂಗಳಿಗೆಂದು ಊರಿನಿಂದ ಬಂದ ಅತ್ತೆಯೋ ಅಮ್ಮನೋ ವಿಸಿಟರ್ ವೀಸಾದಲ್ಲಿರುತ್ತಾರೆ. ಅವರನ್ನು ಸಹಾಯಕರು ಅಂತ ತೋರಿಸಲು ಹೋಗಬೇಡಿ, ವೀಸಾ ನಿಯಮವೇ ಅಡ್ಡ ಬರುತ್ತದೆ.

ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ಎಲ್ಲ ಮುಗಿದ ಮೇಲೆ ಅವರು 'ಆಗಲ್ಲ' ಅಂದರೆ ಅಷ್ಟೂ ಓಡಾಟ ದಂಡ.

ಎಷ್ಟು ಮಕ್ಕಳು?

ಒಂದು ಹೊತ್ತಿಗೆ ಎಂಟು ವರ್ಷದೊಳಗಿನ ಆರು ಮಕ್ಕಳು. ಅದರಲ್ಲಿ ತೀರಾ ಚಿಕ್ಕವರು, ಅಂದರೆ ಐದು ತುಂಬಿದ ನಂತರದ ಸೆಪ್ಟೆಂಬರ್ 1 ಇನ್ನೂ ಬಂದಿಲ್ಲದವರು, ಮೂವರು ಮಾತ್ರ. ಆ ಮೂವರಲ್ಲಿ ವರ್ಷ ತುಂಬದ ಕೂಸು ಒಂದೇ. ಅಣ್ಣ ತಮ್ಮ, ಅಕ್ಕ ತಂಗಿಯರ ವಿಷಯದಲ್ಲಿ, ನಿಮ್ಮದೇ ಕೂಸಿನ ವಿಷಯದಲ್ಲಿ ಸ್ವಲ್ಪ ಸಡಿಲಿಕೆ ಉಂಟು.

ನಿಮ್ಮ ಸ್ವಂತ ಮಕ್ಕಳೂ ಈ ಲೆಕ್ಕದಲ್ಲಿ ಬರುತ್ತಾರೆ ಎನ್ನುವುದನ್ನು ಅನೇಕರು ಮರೆಯುತ್ತಾರೆ. ನಿಮಗೆ ಮೂರು ವರ್ಷದ ಮಗಳಿದ್ದು ಅವಳು ಮನೆಯಲ್ಲೇ ಇದ್ದರೆ, ಹೊರಗಿನ ಚಿಕ್ಕ ಮಕ್ಕಳಿಗೆ ಉಳಿಯುವುದು ಎರಡೇ ಜಾಗ. ಸಂಪಾದನೆಯ ಲೆಕ್ಕ ಹಾಕುವಾಗ ಇದನ್ನು ಮೊದಲೇ ಕಳೆಯಿರಿ.

ಕಾಗದ ಪತ್ರ: ತಡವಾಗುವುದು ಇಲ್ಲೇ

ಪೂರ್ತಿ ಅರ್ಜಿ ಕೈಸೇರಿದ ಮೇಲೆ ಆಫ್‌ಸ್ಟೆಡ್ ಸಾಮಾನ್ಯವಾಗಿ 12 ವಾರದೊಳಗೆ ತೀರ್ಮಾನ ಹೇಳುತ್ತದೆ. 'ಪೂರ್ತಿ' ಆಗುವುದೇ ಕಷ್ಟ. ಹೆಚ್ಚಿನವರಿಗೆ ತಡವಾಗುವುದು ತಮ್ಮ ಕಾಗದದಿಂದಲ್ಲ, ಮನೆಯ ಉಳಿದವರ ಕಾಗದದಿಂದ.

ಮೊದಲ ಕೆಲಸ ಡಿಬಿಎಸ್. ಇದು ನಿಮ್ಮ ಮೇಲೆ ಅಪರಾಧದ ದಾಖಲೆ ಏನಾದರೂ ಇದೆಯೇ ಎಂದು ನೋಡುವ ಪರಿಶೀಲನೆ. ಎನ್‌ಹ್ಯಾನ್ಸ್ಡ್ ಡಿಬಿಎಸ್ಸೇ ಬೇಕು, ಸಾದಾ ಸಾಲದು. ನಿಮಗೆ ಮಾತ್ರವಲ್ಲ, ಮನೆಯಲ್ಲಿ ವಾಸವಿರುವ 16 ತುಂಬಿದ ಎಲ್ಲರಿಗೂ ಬೇಕು. ಗಂಡ, ಕಾಲೇಜಿಗೆ ಹೋಗುವ ಮಗ, ಮೇಲಿನ ರೂಮಿನಲ್ಲಿ ಬಾಡಿಗೆಗಿರುವ ಹುಡುಗ, ಎಲ್ಲರೂ ಬಂದರು. ಒಬ್ಬರು 'ನಾಳೆ ಮಾಡ್ತೀನಿ' ಅಂತ ಕೂತರೆ ನಿಮ್ಮ ಅರ್ಜಿಯೂ ಕೂತಿತು. ಸರ್ಟಿಫಿಕೇಟ್ ಬಂದ 30 ದಿನದೊಳಗೆ, ಅದನ್ನು ಚಾಲ್ತಿಯಲ್ಲಿಡುವ ಡಿಬಿಎಸ್ ಅಪ್‌ಡೇಟ್ ಸರ್ವಿಸ್‌ಗೆ ಸೇರಿಕೊಳ್ಳಿ. ಗಡುವು ತಪ್ಪಿದರೆ ಹೊಸ ಡಿಬಿಎಸ್ ಮಾಡಿಸಬೇಕಾಗುತ್ತದೆ.

ಕಳೆದ ಐದು ವರ್ಷದಲ್ಲಿ ಭಾರತದಲ್ಲಿದ್ದವರು ಅಲ್ಲಿನ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟನ್ನೂ ತರಿಸಬೇಕು. ಪಿಸಿಸಿ ಅಂತ ಕೆಲಸದ ವೀಸಾಕ್ಕೆ ಓಡಾಡಿದವರಿಗೆ ಗೊತ್ತಿರುತ್ತದೆ. ಯುಕೆಯಲ್ಲಿ ಕೂತೇ, ಅರ್ಜಿ ತೆಗೆದುಕೊಳ್ಳುವ ಏಜೆನ್ಸಿಯಾದ ವಿಎಫ್ಎಸ್ ಮೂಲಕ ಭಾರತೀಯ ಹೈಕಮಿಷನ್‌ಗೆ ಅರ್ಜಿ ಹಾಕಬಹುದು. ಪಾಸ್‌ಪೋರ್ಟಿನಲ್ಲಿ ಹಳೆಯ ವಿಳಾಸ ಇದ್ದರೆ ಪರಿಶೀಲನೆ ಎಳೆಯಬಹುದು. ಆದ್ದರಿಂದ ಉಳಿದ ಯಾವುದಕ್ಕೂ ಕಾಯದೆ ಇದನ್ನು ಮೊದಲ ವಾರವೇ ಶುರುಮಾಡಿ.

ಆರೋಗ್ಯದ ಫಾರಂಗೆ ನಿಮ್ಮ ಜಿಪಿ, ಅಂದರೆ ಮನೆ ಹತ್ತಿರದ ಮಾಮೂಲಿ ಡಾಕ್ಟರು, ಸಹಿ ಹಾಕಬೇಕು. ಇದು ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನ ಉಚಿತ ಸೇವೆಯಲ್ಲ, ಕ್ಲಿನಿಕ್ಕಿನವರು ಶುಲ್ಕ ಕೇಳುತ್ತಾರೆ. ಎಷ್ಟು, ಎಷ್ಟು ದಿನ ಎಂದು ಮೊದಲೇ ವಿಚಾರಿಸಿ. ನಿಮ್ಮನ್ನು ಬಲ್ಲ, ಆದರೆ ನೆಂಟರಲ್ಲದ ಇಬ್ಬರ ಹೆಸರನ್ನೂ ಕೊಡಬೇಕು. ಆಫ್‌ಸ್ಟೆಡ್ ಅವರನ್ನು ಕೇಳುತ್ತದೆ, ಕೌನ್ಸಿಲ್‌ನ (ಸ್ಥಳೀಯ ಆಡಳಿತದ) ಮಕ್ಕಳ ವಿಭಾಗದಲ್ಲೂ ವಿಚಾರಿಸುತ್ತದೆ. ಅರ್ಜಿ ಆನ್‌ಲೈನ್. ಐದರೊಳಗಿನ ಮಕ್ಕಳಿಗಾಗಿ ಅರ್ಲಿ ಇಯರ್ಸ್ ರಿಜಿಸ್ಟರ್‌ಗೆ ಸೇರುವ ಶುಲ್ಕ 35 ಪೌಂಡ್. ದೊಡ್ಡ ಮಕ್ಕಳ ಚೈಲ್ಡ್‌ಕೇರ್ ರಿಜಿಸ್ಟರ್ ಒಂದಕ್ಕೇ ಸೇರಿದರೆ 103 ಪೌಂಡ್. ಎರಡಕ್ಕೂ ಒಟ್ಟಿಗೆ ಸೇರಿದರೆ 35 ಪೌಂಡೇ, ಆದ್ದರಿಂದ ಎರಡಕ್ಕೂ ಗುರುತು ಹಾಕಿಬಿಡಿ.

ತರಬೇತಿ

ಡಿಗ್ರಿ ಬೇಡ. ಮಕ್ಕಳ ಪ್ರಥಮ ಚಿಕಿತ್ಸೆಯ 12 ಗಂಟೆಯ ಪೂರ್ಣ ಕೋರ್ಸ್ ಬೇಕು, ಅದನ್ನು ಮೂರು ವರ್ಷಕ್ಕೊಮ್ಮೆ ಹೊಸದಾಗಿ ಮಾಡಬೇಕು. ಜೊತೆಗೆ ಐದರೊಳಗಿನ ಮಕ್ಕಳ ಪಾಲನೆ, ಕಲಿಕೆಗೆಂದು ಇರುವ ಇವೈಎಫ್ಎಸ್ ಎಂಬ ನಿಯಮಾವಳಿ ಚೆನ್ನಾಗಿ ತಿಳಿದಿರಬೇಕು, ಮಕ್ಕಳ ಸುರಕ್ಷತೆಯ ತರಬೇತಿಯೂ ಬೇಕು. 2024ರ ಜನವರಿಯಿಂದ ಚೈಲ್ಡ್‌ಮೈಂಡರ್‌ಗಳಿಗೆಂದೇ ಈ ನಿಯಮಾವಳಿಯ ಬೇರೆ ಪುಸ್ತಿಕೆ ಇದೆ. ನರ್ಸರಿಗಳಿಗೆ ಬರೆದದ್ದನ್ನು ಓದುತ್ತಾ ಕೂರಬೇಡಿ. ಸ್ಥಳೀಯ ಕೌನ್ಸಿಲ್‌ನವರು ಹೊಸಬರಿಗೆ ಮಾಹಿತಿ ಸಭೆ ನಡೆಸುವುದುಂಟು. ಫೋನ್ ಮಾಡಿ ಕೇಳಿ.

ಮನೆ ಸಿದ್ಧ ಮಾಡುವುದು

ಆಫ್‌ಸ್ಟೆಡ್ 'ಇಷ್ಟು ಗೇಟು, ಇಷ್ಟು ಬೀಗ' ಅಂತ ಪಟ್ಟಿ ಕೊಡುವುದಿಲ್ಲ. ನಿಮ್ಮ ಮನೆಯಲ್ಲಿ ಏನು ಅಪಾಯ ಎಂದು ನೀವೇ ಕಂಡುಹಿಡಿಯಬೇಕು. ಹಾಗಾಗಿ ಇಂಗ್ಲಿಷ್ ಮನೆಗಳಿಗೆಂದು ಬರೆದ ಚೆಕ್‌ಲಿಸ್ಟ್ ನಮಗೆ ಅರ್ಧ ಮಾತ್ರ ಉಪಯೋಗ.

ನೆಲದ ಮೇಲೆ ಮಂಡಿಯೂರಿ, ಎರಡು ವರ್ಷದ ಮಗುವಿನ ಎತ್ತರದಲ್ಲಿ ಒಂದು ಸುತ್ತು ಬನ್ನಿ. ದೇವರ ಗೂಡು ಹೆಚ್ಚಾಗಿ ಕೆಳಗೇ ಇರುತ್ತದೆ. ಅಲ್ಲಿ ಉರಿಯುವ ದೀಪ, ಬೆಂಕಿಪೊಟ್ಟಣ, ಊದುಬತ್ತಿ, ಕುಂಕುಮದ ಭರಣಿ, ತಟ್ಟೆಯಲ್ಲಿ ಚಿಲ್ಲರೆ ನಾಣ್ಯ. ಒಂದು ರೂಪಾಯಿ ನಾಣ್ಯ ಮಗುವಿನ ಗಂಟಲಿಗೆ ಸರಿಯಾಗಿ ಸಿಕ್ಕಿಕೊಳ್ಳುವ ಅಳತೆ. ಗೂಡನ್ನು ಮೇಲಕ್ಕೆತ್ತಿ, ಇಲ್ಲವೇ ಬಾಗಿಲಿಗೆ ಚಿಲಕ ಹಾಕಿ. ದೀಪವನ್ನು ಮಕ್ಕಳು ಬರುವ ಮೊದಲು ಹಚ್ಚಿ, ಅವರು ಬರುವ ಹೊತ್ತಿಗೆ ಶಾಂತ ಮಾಡಿ. ಈಳಿಗೆಮಣೆ ಮೇಲಿನ ಕಪಾಟಿಗೆ. ಸೀರೆಯ ಜೋಲಿ ಕಟ್ಟಿ ಕೂಸನ್ನು ಮಲಗಿಸುವ ಅಭ್ಯಾಸ ಇಲ್ಲಿ ನಡೆಯುವುದಿಲ್ಲ. ಗಟ್ಟಿಯಾದ ಸಮತಟ್ಟು ಹಾಸಿಗೆ, ಬೆನ್ನ ಮೇಲೆ, ದಿಂಬಿಲ್ಲದೆ.

ಅಡುಗೆಮನೆಗೆ ಬಂದರೆ ಊಟದ ನಿಯಮ ಇತ್ತೀಚೆಗೆ ಬಿಗಿಯಾಗಿದೆ. ಮಗು ತಿನ್ನುವಾಗ ನಿಮ್ಮ ಕಣ್ಣಳತೆಯಲ್ಲೇ ಇರಬೇಕು. 'ಒಂದು ನಿಮಿಷ ಒಗ್ಗರಣೆ ನೋಡಿ ಬರ್ತೀನಿ' ಅನ್ನುವಂತಿಲ್ಲ. ದ್ರಾಕ್ಷಿಯನ್ನು ಉದ್ದಕ್ಕೆ ಸೀಳಬೇಕು. ಐದರೊಳಗಿನವರಿಗೆ ಇಡೀ ಕಡಲೆಬೀಜ, ಗೋಡಂಬಿ ಬೇಡ. ಉಪ್ಪಿಟ್ಟಿಗೆ ಉದುರಿಸುವ ಗೋಡಂಬಿಯೂ ಲೆಕ್ಕಕ್ಕೆ ಬರುತ್ತದೆ. ವರ್ಷದೊಳಗಿನ ಕೂಸಿಗೆ ಜೇನು ನೆಕ್ಕಿಸಬಾರದು, ಅವರ ಅಮ್ಮನೇ ಬಾಟಲಿ ಕೊಟ್ಟು ಹೋದರೂ ಸರಿ.

ರಿಜಿಸ್ಟ್ರೇಷನ್ ವಿಸಿಟ್

ನೋಂದಣಿಗೆ ಮುಂಚೆ ಆಫ್‌ಸ್ಟೆಡ್‌ನವರು ಮನೆಗೆ ಬರುವ ಈ ಭೇಟಿಗೇ ಎಲ್ಲರೂ ಹೆದರುವುದು. ಇನ್‌ಸ್ಪೆಕ್ಟರ್ ಬಂದು ಮನೆ ಸುತ್ತು ಹಾಕುತ್ತಾರೆ, ಗುರುತಿನ ಕಾಗದ, ಸರ್ಟಿಫಿಕೇಟ್ ನೋಡುತ್ತಾರೆ. ಉಳಿದದ್ದೆಲ್ಲ ಮಾತುಕತೆ. ಚೈಲ್ಡ್‌ಮೈಂಡರ್‌ಗಳು ತಮ್ಮ ನಿಯಮಗಳನ್ನು ಬರೆದಿಡಲೇಬೇಕೆಂದಿಲ್ಲ, ಬಾಯಲ್ಲಿ ವಿವರಿಸಲು ಬಂದರೆ ಸಾಕು. ಆದರೂ ಜನ ಅಂತರ್ಜಾಲದಲ್ಲಿ ದಪ್ಪ ಫೈಲು ಕೊಂಡು, ಲ್ಯಾಮಿನೇಟ್ ಮಾಡಿಸಿ ಮೇಜಿನ ಮೇಲೆ ಜೋಡಿಸುತ್ತಾರೆ. ಸುಮ್ನೆ ದುಡ್ಡು ದಂಡ. ಅದರೊಳಗೆ ಏನಿದೆ ಅಂತ ಕೇಳಿದಾಗ ತಡವರಿಸಿದರೆ, ಫೈಲೇ ಇಲ್ಲದಿದ್ದರೆ ವಾಸಿಯಿತ್ತು ಅನಿಸುತ್ತದೆ.

ಪ್ರಶ್ನೆಗಳು ಹೀಗಿರುತ್ತವೆ. ಸೋಮವಾರ ಬಂದ ಮಗುವಿನ ತೋಳಿನ ಮೇಲೆ ಬಾಸುಂಡೆ ಇದೆ, ಏನು ಮಾಡುತ್ತೀರಿ? 'ಅವರಮ್ಮನನ್ನು ಕೇಳ್ತೀನಿ, ಬಿದ್ದ ಅಂದರೆ ಸರಿ ಅಂತ ಬಿಡ್ತೀನಿ' ಎನ್ನುವುದು ನಮ್ಮ ಕಡೆಯ ಸಹಜ ಉತ್ತರ, ಅಲ್ವಾ? ಅದು ಸಾಲದು. ಎಲ್ಲಿ, ಎಷ್ಟು ದೊಡ್ಡದು, ಎಷ್ಟು ಹೊತ್ತಿಗೆ ಕಂಡಿತು ಎಂದು ಬರೆದಿಡುತ್ತೀರಿ. ತಾಯಿ ಹೇಳಿದ್ದನ್ನೂ ಅವರದೇ ಮಾತಿನಲ್ಲಿ ಬರೆಯುತ್ತೀರಿ. ಅನುಮಾನ ಉಳಿದರೆ ಕೌನ್ಸಿಲ್‌ನ ಮಕ್ಕಳ ವಿಭಾಗಕ್ಕೆ ಫೋನ್ ಮಾಡುತ್ತೀರಿ. ಆ ನಂಬರ್ ಎಲ್ಲಿದೆ ಎಂದು ಮರುಪ್ರಶ್ನೆ ಬರುತ್ತದೆ. ಕಪಾಟಿನ ಬಾಗಿಲ ಒಳಗೆ ಅಂಟಿಸಿಟ್ಟು ತೋರಿಸಿ. 'ನಿಮ್ಮ ಗಂಡನ ಮೇಲೇ ಯಾರಾದರೂ ದೂರು ಹೇಳಿದರೆ?' ಎಂದೂ ಕೇಳಬಹುದು. ಸಿಟ್ಟು ಮಾಡಿಕೊಳ್ಳಬೇಡಿ, ಎಲ್ಲರಿಗೂ ಕೇಳುವ ಪ್ರಶ್ನೆ ಅದು. ನೀವೇ ವಿಚಾರಣೆ ಮಾಡದೆ ಕೌನ್ಸಿಲ್‌ನ ಸಂಬಂಧಪಟ್ಟ ಅಧಿಕಾರಿಗೂ ಆಫ್‌ಸ್ಟೆಡ್‌ಗೂ ತಿಳಿಸುತ್ತೇನೆ ಅನ್ನಬೇಕು.

ಹಟ ಮಾಡುವ ಮಗುವನ್ನು ಹೇಗೆ ಸಂಭಾಳಿಸುತ್ತೀರಿ ಎಂಬ ಪ್ರಶ್ನೆ ಬಂದಾಗ ಜೋಪಾನ. ಹೊಡೆಯುವುದು ಹಾಗಿರಲಿ, 'ಎರಡು ಬಿಡ್ತೀನಿ ನೋಡು' ಅಂತ ಬಾಯಲ್ಲಿ ಹೆದರಿಸುವುದನ್ನೂ ನಿಯಮ ಒಪ್ಪುವುದಿಲ್ಲ. ನಮ್ಮಲ್ಲಿ ಅದು ಮಾತಿನ ರೂಢಿ, ಅರ್ಥವಿಲ್ಲದೆಯೇ ಬಂದುಬಿಡುತ್ತದೆ. ಈಗಿನಿಂದಲೇ ಬಿಡುವುದು ಒಳ್ಳೆಯದು.

ಮಗು ನಿಮ್ಮ ಹತ್ತಿರ ಏನು ಕಲಿಯುತ್ತದೆ ಎಂದೂ ಕೇಳುತ್ತಾರೆ. ಇವೈಎಫ್ಎಸ್‌ನಲ್ಲಿ ಕಲಿಕೆಯ ಏಳು ಕ್ಷೇತ್ರಗಳಿವೆ. ಮೊದಲ ಮೂರು ಮಾತು, ಮೈಯ ಬೆಳವಣಿಗೆ, ಮನಸ್ಸು ಮತ್ತು ಒಡನಾಟ. ಆಮೇಲೆ ಓದು ಬರಹ, ಲೆಕ್ಕ, ಸುತ್ತಲಿನ ಜಗತ್ತು, ಕಲೆ. ಹೆಸರು ಒಪ್ಪಿಸುವ ಬದಲು ಒಂದು ದಿನವನ್ನು ವಿವರಿಸಿ. ಚಪಾತಿ ಹಿಟ್ಟು ನಾದುವಾಗ ಬೆರಳಿಗೆ ಶಕ್ತಿ ಬರುತ್ತದೆ. ಹಲಸಂದೆ, ರಾಜ್ಮಾ ಬೇರೆ ಮಾಡುವಾಗ ವಿಂಗಡಿಸಲು ಬರುತ್ತದೆ (ಪಕ್ಕದಲ್ಲೇ ಕೂತಿರುತ್ತೇನೆ ಅಂತ ಸೇರಿಸಿ). ಪಾರ್ಕಿಗೆ ಹೋಗುವಾಗ ಕೆಂಪು ಬಸ್ ಎಣಿಸುತ್ತೇವೆ. ಇಷ್ಟೇ ಅವರಿಗೆ ಬೇಕಿರುವುದು.

ನಿಮ್ಮ ಇಂಗ್ಲಿಷ್ ಹೇಗಿದೆ ಎಂದೂ ಅವರು ಗಮನಿಸುತ್ತಾರೆ. ದಾಖಲೆ ಬರೆಯಲು, ಆಂಬ್ಯುಲೆನ್ಸ್‌ಗೆ ಫೋನ್ ಮಾಡಿ ವಿವರಿಸಲು ಬರಬೇಕು. ಉಚ್ಚಾರಣೆಗೆ ಯಾರೂ ಅಂಕ ಕಳೆಯುವುದಿಲ್ಲ. ಕನ್ನಡದ ಮಗು ಬಂದರೆ ಅದರ ಜೊತೆ ಕನ್ನಡ ಮಾತಾಡುತ್ತೇನೆ ಎಂದು ಧೈರ್ಯವಾಗಿ ಹೇಳಿ. ಮನೆಮಾತಿಗೆ ಅವಕಾಶ ಕೊಡಿ ಅಂತ ನಿಯಮಾವಳಿಯೇ ಹೇಳುತ್ತದೆ, ಇಂಗ್ಲಿಷ್ ಕೂಡ ಚೆನ್ನಾಗಿ ಬೆಳೆಯುವ ಹಾಗೆ ನೋಡಿಕೊಂಡರೆ ಆಯಿತು.

ಸರ್ಟಿಫಿಕೇಟ್ ಬಂದ ಮೇಲೆ

ನೋಂದಣಿಯ ಸರ್ಟಿಫಿಕೇಟ್ ಕೈಗೆ ಬರುವವರೆಗೆ ಒಂದು ಮಗುವನ್ನೂ ತೆಗೆದುಕೊಳ್ಳಬೇಡಿ. ಪಬ್ಲಿಕ್ ಲಯಬಿಲಿಟಿ ವಿಮೆ (ಬೇರೆಯವರಿಗೆ ಪೆಟ್ಟೋ ನಷ್ಟವೋ ಆದರೆ ಭರಿಸುವ ವಿಮೆ) ಮೊದಲ ದಿನವೇ ಇರಬೇಕು. ಮಕ್ಕಳ ಫೋಟೊ, ಮಾಹಿತಿಯನ್ನು ಫೋನಿನಲ್ಲಿ ಇಡುತ್ತೀರಾದರೆ ಐಸಿಒದಲ್ಲಿ, ಅಂದರೆ ಖಾಸಗಿ ಮಾಹಿತಿಯ ರಕ್ಷಣೆ ನೋಡುವ ಕಚೇರಿಯಲ್ಲಿ, ನೋಂದಣಿ ಮಾಡಿಸಬೇಕು. ತೆರಿಗೆಗೆ ಅಲ್ಲಿನ ತೆರಿಗೆ ಇಲಾಖೆ ಎಚ್‌ಎಂಆರ್‌ಸಿಯಲ್ಲಿ ಹೆಸರು ಬರೆಸಬೇಕು. ಕೆಲಸ ಶುರು ಮಾಡಿದ ತೆರಿಗೆ ವರ್ಷ ಮುಗಿದ ಮೇಲಿನ ಅಕ್ಟೋಬರ್ 5 ಕೊನೆಯ ದಿನ. ಮನೆಗೆ 16 ತುಂಬಿದವರು ಯಾರಾದರೂ ಹೊಸದಾಗಿ ವಾಸಕ್ಕೆ ಬಂದರೆ 14 ದಿನದೊಳಗೆ ಆಫ್‌ಸ್ಟೆಡ್‌ಗೆ ತಿಳಿಸಬೇಕು. ಊರಿನಿಂದ ಅತ್ತೆ ಮಾವ ಆರು ತಿಂಗಳು ಇರಲು ಬರುವುದಾದರೆ, ಟಿಕೆಟ್ ಮಾಡುವ ಮೊದಲೇ ಆಫ್‌ಸ್ಟೆಡ್‌ಗೆ ಫೋನ್ ಮಾಡಿ ಏನು ಬೇಕು ಎಂದು ಕೇಳಿ. ಪರಿಶೀಲನೆ ಆಗದ ಯಾರ ಜೊತೆಯೂ ಮಗುವನ್ನು ಒಂಟಿಯಾಗಿ ಬಿಡಬಾರದು, ಅವರು ಎಷ್ಟೇ ಮಕ್ಕಳನ್ನು ಸಾಕಿದ್ದರೂ.

ಮೊದಲ ತಪಾಸಣೆ ಸಾಮಾನ್ಯವಾಗಿ ನೋಂದಣಿಯಾದ 30 ತಿಂಗಳೊಳಗೆ ನಡೆಯುತ್ತಿತ್ತು. ಇದನ್ನು 18 ತಿಂಗಳಿಗೆ ಇಳಿಸುವುದಾಗಿ ಸರ್ಕಾರ 2025ರಲ್ಲಿ ಹೇಳಿತು. ಇನ್‌ಸ್ಪೆಕ್ಟರ್ ಮೊದಲು ಫೋನ್ ಮಾಡಿ ಮಕ್ಕಳು ಯಾವ ದಿನ ಇರುತ್ತಾರೆ ಎಂದು ಕೇಳುತ್ತಾರೆ. ಅವತ್ತು ಹೊಸ ಆಟಿಕೆ ತಂದು ಸುರಿಯಬೇಡಿ, ದಿನಾ ಹೇಗಿರುತ್ತದೋ ಹಾಗೇ ಇರಲಿ. ಅವರು ನೀವು ಮಕ್ಕಳ ಜೊತೆ ಮಾತಾಡುವುದನ್ನು ನೋಡುತ್ತಾರೆ, ಪಾಲಕರನ್ನೂ ಕೇಳುತ್ತಾರೆ. 2025ರ ನವೆಂಬರ್‌ನಿಂದ ಒಂದೇ ಪದದ ಒಟ್ಟು ದರ್ಜೆ ಹೋಗಿ ರಿಪೋರ್ಟ್ ಕಾರ್ಡ್ ಬಂದಿದೆ. ಒಂದೊಂದು ವಿಷಯಕ್ಕೂ ಎಕ್ಸೆಪ್ಷನಲ್‌ನಿಂದ ಅರ್ಜೆಂಟ್ ಇಂಪ್ರೂವ್‌ಮೆಂಟ್‌ವರೆಗೆ ಐದು ಮಟ್ಟ. ಹೊಸಬರು ನಡುವಿನ ಎಕ್ಸ್‌ಪೆಕ್ಟೆಡ್ ಸ್ಟ್ಯಾಂಡರ್ಡ್ ಪಡೆದರೆ ಬೇಜಾರಾಗುವಂಥದ್ದೇನಿಲ್ಲ. ಸುರಕ್ಷತೆಗೆ ಮಾತ್ರ ಮಟ್ಟಗಳಿಲ್ಲ, ನಿಯಮ ಪಾಲಿಸಿದ್ದೀರಿ ಅಥವಾ ಪಾಲಿಸಿಲ್ಲ, ಅಷ್ಟೇ. ವರದಿ ಆಫ್‌ಸ್ಟೆಡ್‌ನ ಜಾಲತಾಣದಲ್ಲಿ ಎಲ್ಲರಿಗೂ ಕಾಣುತ್ತದೆ. ಪಾಲಕರು ನಿಮಗೆ ಫೋನ್ ಮಾಡುವ ಮೊದಲೇ ಅದನ್ನು ಓದಿರುತ್ತಾರೆ.