ಡಚ್–ಸ್ಪ್ಯಾನಿಷ್ ಅನುವಾದಕರನ್ನೂ ದುಭಾಷಿಗಳನ್ನೂ ಹುಡುಕುವುದು ಹೇಗೆ

ಹುಡುಕಾಟಕ್ಕೆ ಮೊದಲು ಕಾಗದ ಯಾವ ದೇಶದ ಯಾವ ಕಚೇರಿ ಸೇರಬೇಕು ಎಂಬುದನ್ನು ಖಚಿತ ಮಾಡಿಕೊಳ್ಳಿ. ವೆಬ್‌ಸೈಟಿಗೋ ಜಾಹೀರಾತಿಗೋ ಆ ವಿಷಯ ಬಲ್ಲ ಅನುವಾದಕರು ಸಾಕು. ಕೋರ್ಟಿನ ತೀರ್ಪು, ಮುಖ್ತಿಯಾರ್‌ನಾಮೆ, ಮದುವೆ ಪತ್ರ ಇಂಥವಕ್ಕೆ ಪ್ರಮಾಣವಚನ ಸ್ವೀಕರಿಸಿದವರೇ ಆಗಬೇಕು.

ನೆದರ್ಲೆಂಡ್ಸ್‌ನಲ್ಲಿ ಇಂಥವರ ಹೆಸರು 'ಆರ್‌ಬಿಟಿವಿ' ಎಂಬ ಸರ್ಕಾರಿ ನೋಂದಣಿಯಲ್ಲಿರುತ್ತದೆ. ಆನ್‌ಲೈನ್‌ನಲ್ಲಿ ಯಾರು ಬೇಕಾದರೂ ಉಚಿತವಾಗಿ ನೋಡಬಹುದು. ಎಡವುವುದು ಇಲ್ಲೇ: ಡಚ್‌ನಿಂದ ಸ್ಪ್ಯಾನಿಷ್‌ಗೆ ಒಂದು ನೋಂದಣಿ, ಸ್ಪ್ಯಾನಿಷ್‌ನಿಂದ ಡಚ್‌ಗೆ ಇನ್ನೊಂದು. ದುಭಾಷಿಯ ನೋಂದಣಿ ಇವೆರಡಕ್ಕೂ ಬೇರೆ. ಸ್ಪೇನ್‌ನಲ್ಲಿ 'ತ್ರಾದುಕ್ತೋರ್ ಹುರಾದೊ'ಗಳನ್ನು, ಅಂದರೆ ಪ್ರಮಾಣವಚನ ಸ್ವೀಕರಿಸಿದ ಅನುವಾದಕರನ್ನು, ನೇಮಿಸುವುದು ವಿದೇಶಾಂಗ ಸಚಿವಾಲಯ. ಪಟ್ಟಿ ಅದರ ಜಾಲತಾಣದಲ್ಲೇ ಸಿಗುತ್ತದೆ.

ಜನನ, ಮದುವೆ, ಮರಣ ಪತ್ರಗಳಾದರೆ ಅನುವಾದದ ಖರ್ಚೇ ಉಳಿಯಬಹುದು. 2019ರ ಫೆಬ್ರವರಿ 16ರಿಂದ ಅನ್ವಯವಾದ ಐರೋಪ್ಯ ಒಕ್ಕೂಟದ ನಿಯಮದಂತೆ, ಒಂದು ಸದಸ್ಯ ದೇಶ ಕೊಟ್ಟ ಇಂಥ ಪತ್ರಕ್ಕೆ ಇನ್ನೊಂದರಲ್ಲಿ ಅಪೋಸ್ಟಿಲ್ (ಪತ್ರ ಅಸಲಿ ಎಂದು ಅದನ್ನು ಕೊಟ್ಟ ದೇಶ ಹಾಕುವ ದೃಢೀಕರಣ) ಬೇಡ. ಪತ್ರ ತೆಗೆದುಕೊಳ್ಳುವಾಗಲೇ ಬಹುಭಾಷಾ ನಮೂನೆಯನ್ನೂ ಕೇಳಿ ಪಡೆಯಿರಿ; ಅದನ್ನು ಜೊತೆಗಿಟ್ಟರೆ ಸಾಮಾನ್ಯವಾಗಿ ಅನುವಾದ ಬೇಕಾಗುವುದಿಲ್ಲ. ಪದವಿ ಪತ್ರ, ಒಪ್ಪಂದಗಳಿಗೆ ಈ ಸೌಲಭ್ಯವಿಲ್ಲ.

ನೆದರ್ಲೆಂಡ್ಸ್‌ನ ಐಂಡ್‌ಹೋವನ್‌ನಲ್ಲಿದ್ದು ಸ್ಪೇನ್‌ಗೆ ಹೊರಟ ಕನ್ನಡಿಗರಿಗೆ ಒಂದು ಮಾತು. ಕರ್ನಾಟಕದ ಜನನ ಪತ್ರಕ್ಕೆ ಈ ನಿಯಮ ತಾಗುವುದಿಲ್ಲ. ಅದರಲ್ಲಿ ಇಂಗ್ಲಿಷ್ ಇದ್ದರೆ ನಿಮಗೆ ಬೇಕಾದವರು ಇಂಗ್ಲಿಷ್–ಸ್ಪ್ಯಾನಿಷ್ ಅನುವಾದಕರು. ಡಚ್‌ನ ಗೊಡವೆಯೇ ಬೇಡ. ಭಾರತದ ಅಪೋಸ್ಟಿಲ್ ಮೊದಲು, ಅನುವಾದ ಆಮೇಲೆ. ಕ್ರಮ ತಪ್ಪಿದರೆ ಅಪೋಸ್ಟಿಲ್ ಅನುವಾದವಾಗದೆ ಉಳಿದು, ಇನ್ನೊಮ್ಮೆ ದುಡ್ಡು ತೆರಬೇಕಾದೀತು.

ದರ ಕೇಳುವಾಗ ಪ್ರತಿ ಪುಟದ ಹಿಂಬದಿ, ಸೀಲು, ಕೈಬರಹದ ಟಿಪ್ಪಣಿ ಎಲ್ಲವನ್ನೂ ಸ್ಕ್ಯಾನ್ ಮಾಡಿ ಕಳಿಸಿ. ಪದಕ್ಕಿಷ್ಟು ಎಂದರೆ ಮೂಲದ ಪದವೋ ಅನುವಾದದ ಪದವೋ ಕೇಳಿ. ಡಚ್ ಪದಗಳನ್ನು ಕೂಡಿಸಿ ಒಂದೇ ಆಗಿ ಬರೆಯುತ್ತದೆ, ಸ್ಪ್ಯಾನಿಷ್ ಬಿಡಿಸಿ ಬರೆಯುತ್ತದೆ. ಹೀಗಾಗಿ ಎಣಿಕೆ ಬದಲಾದರೆ ಬಿಲ್ಲೂ ಬದಲಾಗುತ್ತದೆ. ಚಿಕ್ಕ ಕಾಗದಕ್ಕೆ ಕನಿಷ್ಠ ಶುಲ್ಕ ಇದ್ದೇ ಇರುತ್ತದೆ. ಪಾಸ್‌ಪೋರ್ಟಿನ ಪ್ರತಿಯನ್ನೂ ಕೊಡಿ: ಸ್ಪೇನ್‌ನವರ ಎರಡನೆಯ ಕುಲನಾಮ ಡಚ್ ಕಾಗದಗಳಲ್ಲಿ ಬಿಟ್ಟುಹೋಗುವುದುಂಟು.

ಕೈಗೆ ಬಂದ ಕಟ್ಟಿನಲ್ಲಿ ಅನುವಾದ, ಮೂಲದ ಪ್ರತಿ, ದೃಢೀಕರಣದ ಸಾಲುಗಳು, ಸಹಿ, ಮೊಹರು ಇವೆಯೇ ನೋಡಿ. ನೋಂದಣಿ ಸಂಖ್ಯೆಯನ್ನು ಪಟ್ಟಿಯೊಂದಿಗೆ ತಾಳೆ ಹಾಕಿ. ಸ್ಕ್ಯಾನ್ ಮಾಡಲೆಂದು ಪಿನ್ನು ಬಿಚ್ಚಬೇಡಿ. ಬಿಚ್ಚಿದ ಕಟ್ಟನ್ನು ಕಚೇರಿಯವರು ತಿರಸ್ಕರಿಸಬಹುದು.

ನೋಟರಿ ಮುಂದೆ ಮನೆ ಖರೀದಿಯಂಥ ಕೆಲಸಕ್ಕೆ ನೆಂಟರನ್ನು ದುಭಾಷಿಯಾಗಿ ಕರೆದೊಯ್ಯಬೇಡಿ. ಕರಡು ಪತ್ರವನ್ನು ಎರಡು ಮೂರು ದಿನ ಮೊದಲೇ ದುಭಾಷಿಗೆ ತಲುಪಿಸಿ. ಸಮ್ಮೇಳನದಲ್ಲಿ ಭಾಷಣದ ಜೊತೆಜೊತೆಗೇ ಅನುವಾದವಾಗಬೇಕಿದ್ದರೆ ಇಬ್ಬರು ಬೇಕು, ಅವರು 20–30 ನಿಮಿಷಕ್ಕೊಮ್ಮೆ ಮೈಕ್ ಬದಲಿಸಿಕೊಳ್ಳುತ್ತಾರೆ; ದಿನವಿಡೀ ಒಬ್ಬರೇ ಮಾಡುತ್ತೇನೆಂದರೆ ಬೇರೆಯವರನ್ನು ನೋಡಿ. ಪ್ರಯಾಣದ ಸಮಯಕ್ಕೆ ದುಡ್ಡುಂಟೇ, ಕೊನೇ ಗಳಿಗೆಯಲ್ಲಿ ರದ್ದಾದರೆ ಎಷ್ಟು ಕೊಡಬೇಕು ಎಂಬುದನ್ನು ಇಮೇಲ್‌ನಲ್ಲೇ ಬರೆಸಿಕೊಳ್ಳಿ.